ನಲವತ್ತನಾಲ್ಕನೆಯ ಸಾಮಾನು

ನಮ್ಮೂರಿನಲ್ಲಿ ಬೆಳಗ್ಗೆ ಎದುರಾದವರನ್ನು ಯಾರೂ ಚಹಾ ಆಯಿತೇ ಎಂದು ಕೇಳುವುದಿಲ್ಲ. “ಇವತ್ತ ಏನ ಹೋಗೈತ್ರಿ?” ಎಂದು ಕೇಳುತ್ತಾರೆ. ಏಕೆಂದರೆ ದಿನಾಲೂ ಸೂರ್ಯ ಹುಟ್ಟುವ ಹೊತ್ತಿಗೆ ಊರಿನ ಯಾವುದಾದರೂ ಒಂದು ವಸ್ತು ರಜೆ ಹಾಕುತ್ತದೆ. ಒಂದೇ ಒಂದು, ಎರಡಿಲ್ಲ. ಮರುದಿನ ಸೂರ್ಯ ಹುಟ್ಟುವಾಗ ಅದು ಎಲ್ಲಿತ್ತೋ ಅಲ್ಲೇ, ಹೇಗಿತ್ತೋ ಹಾಗೇ ಬಂದು ಕೂತಿರುತ್ತದೆ. ಒಂದು ದಿನ ಹೊಳೆಯ ಸೇತುವೆ ಹೋದೀತು, ಇನ್ನೊಂದು ದಿನ ಯಾರದೋ ಮನೆಯ ಸೌಟು. ಹೋದ ವರ್ಷ ಎಣ್ಣೆ ಗಿರಣಿಯ ತವನಪ್ಪನವರ ಬಲಗಡೆಯ ಮೀಸೆ ಹೋಗಿತ್ತು. ಎಡಗಡೆಯದನ್ನು ಬೋಳಿಸಿಕೊಳ್ಳಬೇಕೋ ಬೇಡವೋ ಎಂದು ಅವರು ಸಂಜೆಯವರೆಗೂ ಕನ್ನಡಿಯ ಮುಂದೆ ಕೂತಿದ್ದರು. ಅಪರೂಪಕ್ಕೆ ಮನುಷ್ಯರೂ ಹೋಗುತ್ತಾರೆ. ಹಬ್ಬದ ಊಟ ಮಾಡಿ ಮಲಗಿ ಎದ್ದವರಂತೆ ಮುಖ ಅರಳಿಸಿಕೊಂಡು ಮರುದಿನ ಬರುತ್ತಾರೆ. ಎಲ್ಲಿದ್ದಿರಿ ಎಂದು ಕೇಳಿದರೆ ಅವರಿಗೇ ಗೊತ್ತಿರುವುದಿಲ್ಲ.

ಹೀಗಾಗಿ ನಮ್ಮಲ್ಲಿ ಎಲ್ಲವೂ ಎರಡೆರಡು. ಒಲೆ ಎರಡು, ಬಾವಿ ಎರಡು, ಮದುವೆಗೆ ತಾಳಿ ಎರಡು, ಮುಹೂರ್ತ ಎರಡು. ಶಾಲೆಗೆ ಇಬ್ಬರು ಹೆಡ್‌ಮಾಸ್ತರರು. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗದು, ಆದರೂ ಒಬ್ಬರು ರಜೆ ಹೋದ ದಿನ ಇನ್ನೊಬ್ಬರು ಊಟ ಬಿಟ್ಟು ಕೂರುತ್ತಾರೆ. “ಒಂದ ಇದ್ರ ಒಂದೂ ಇಲ್ಲ, ಎರಡ ಇದ್ರ ಒಂದೈತಿ” ಎಂಬುದು ನಮ್ಮ ಕಡೆಯ ಮಾತು. ಪರ ಊರಿನಿಂದ ಸೊಸೆಯಾಗಿ ಬಂದವರು ಮೊದಲ ತಿಂಗಳು ಅಳುತ್ತಾರೆ, ಎರಡನೆಯ ತಿಂಗಳಿಗೆ ಎರಡನೆಯ ಜರಡಿ ತರಿಸಿಕೊಳ್ಳುತ್ತಾರೆ.

ನಾನು ಇಂದುಮತಿ. ಊರಿಗೆ ಕರೆಂಟು ಹಂಚುವ ಗ್ರಿಡ್ಡಿನಲ್ಲಿ ಇಂಜಿನಿಯರ್. ಗ್ರಿಡ್ಡಿನ ಗೇಟಿಗೆ ಒಂದು ಕರಿಹಲಗೆ ಇದೆ. ದಿನಾಲೂ ಸಂಜೆ ಆರಕ್ಕೆ ಅದರ ಮೇಲೆ ‘ನಾಳೆ ಭದ್ರ’ ಅಥವಾ ‘ನಾಳೆ ಭದ್ರವಿಲ್ಲ’ ಎಂದು ಬರೆಯುವುದು ನನ್ನ ಕೆಲಸ. ಅದರ ಅರ್ಥ ಇಷ್ಟೇ: ನಮ್ಮ ಲೈನು, ಟ್ರಾನ್ಸ್‌ಫಾರ್ಮರ್, ಬ್ರೇಕರುಗಳಲ್ಲಿ ಯಾವುದಾದರೂ ಒಂದು ನಾಳೆ ರಜೆ ಹಾಕಿದರೆ ಉಳಿದವು ಊರಿನ ಕರೆಂಟನ್ನು ಹೊತ್ತಾವೋ ಇಲ್ಲವೋ. ಜೋಡೆತ್ತಿನಲ್ಲಿ ಒಂದು ಕುಂಟಿದರೆ ಇನ್ನೊಂದರ ಹೆಗಲ ಮೇಲೆ ನೊಗ ಬೀಳುವ ಹಾಗೆ, ಹೋದ ಲೈನಿನ ಭಾರ ಇದ್ದ ಲೈನಿನ ಮೇಲೆ ಬೀಳುತ್ತದೆ. ಅದು ತಡೆದರೆ ಸರಿ. ತಡೆಯದಿದ್ದರೆ ಅದೂ ಕೈ ಬಿಡುತ್ತದೆ, ಅದರ ಹಿಂದೆ ಮತ್ತೊಂದು. ರಜೆ ಹಾಕಿದ್ದು ಒಂದೇ ಆದರೂ ಊರೆಲ್ಲ ಕತ್ತಲೆ. ಭದ್ರವಿಲ್ಲ ಎಂದು ಬರೆದರೆ ಯಾರು ಯಾವ ಯಂತ್ರ ನಿಲ್ಲಿಸಬೇಕು ಎಂಬುದನ್ನೂ ಬರೆಯಬೇಕು.

ನನಗಿಂತ ಮೊದಲು ಆ ಕುರ್ಚಿಯಲ್ಲಿ ಇದ್ದವರು ನಾಲ್ಕು ವರ್ಷ ದಿನಾಲೂ ‘ಭದ್ರವಿಲ್ಲ’ ಎಂದೇ ಬರೆದರು. ತಪ್ಪು ಹೇಳಿದಿರಿ ಎಂದು ಅವರನ್ನು ಬೈಯುವ ಹಾಗಿರಲಿಲ್ಲ, ಅವರು ಬರೆದದ್ದನ್ನು ಓದುವವರೂ ಇರಲಿಲ್ಲ. ತೋಳ ಬಂತು ತೋಳ ಎಂದು ದಿನಾ ಕೂಗಿದರೆ ಕುರಿಯೂ ತಲೆ ಎತ್ತುವುದಿಲ್ಲ. ನಾನು ಬಂದು ಸೇರಿದ ದಿನ ಆ ಹಲಗೆಯ ಮೇಲೆ ಎದುರು ಮನೆಯವರ ಚಾದರ ಒಣಗುತ್ತಿತ್ತು.

ದೊಡ್ಡ ಸಾಹೇಬರು ನನ್ನನ್ನು ಕರೆದು ಒಂದು ಕೆಲಸ ಹೇಳಿದರು. ಭದ್ರವೋ ಅಲ್ಲವೋ ಎಂದು ನೋಡಲು ಗ್ರಿಡ್ಡಿನಲ್ಲಿ ಮೂವರು ಮೂರು ಪದ್ಧತಿ ಹಿಡಿದು ಕೂತಿದ್ದರು. ನಲವತ್ತು ದಿನ ಮೂರನ್ನೂ ಪರೀಕ್ಷೆ ಮಾಡಬೇಕು, ಒಂದನ್ನು ಆರಿಸಬೇಕು, ಉಳಿದ ಎರಡನ್ನು ಮುಚ್ಚಬೇಕು. ಮೂವರಿಗೂ ಈ ಮಾತು ಗೊತ್ತಿತ್ತು. ಅಂದಿನಿಂದ ಮೂವರೂ ನನಗೆ ಬೇರೆ ಬೇರೆ ಹೊತ್ತಿನಲ್ಲಿ ಚಹಾ ತರಿಸತೊಡಗಿದರು.

ಮೊದಲನೆಯವರು ಪಂಚಾಕ್ಷರಯ್ಯನವರು, ಇನ್ನೆರಡು ವರ್ಷಕ್ಕೆ ನಿವೃತ್ತಿ. ಅವರ ಹತ್ತಿರ ನಲವತ್ತಮೂರು ಸಾಮಾನುಗಳ ಪಟ್ಟಿ ಇತ್ತು. ಒಂದೊಂದನ್ನೂ ಲೆಕ್ಕದಲ್ಲಿ ತೆಗೆದುಹಾಕಿ, ಅದರ ಭಾರ ಎಲ್ಲೆಲ್ಲಿಗೆ ಹೋಗುತ್ತದೆ ಎಂದು ಕಂಪ್ಯೂಟರಿನಲ್ಲೂ ಕಾಗದದಲ್ಲೂ ಎರಡೆರಡು ಸಲ ನೋಡುತ್ತಿದ್ದರು. ಅವರ ಲೆಕ್ಕ ತಪ್ಪಿದ್ದು ನಾನು ಕಾಣೆ. ಆದರೆ ಇವತ್ತು ಬೆಳಗ್ಗೆ ಹಿಡಿದ ಲೆಕ್ಕ ನಾಳೆ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಎರಡನೆಯವನು ಇಮ್ತಿಯಾಜ. ವಯಸ್ಸು ಇಪ್ಪತ್ತಾರು, ಮಾತು ಚುರುಕು, ಲೆಕ್ಕ ಇನ್ನೂ ಚುರುಕು. ಯಾವ ಸಾಮಾನು ಹೋದರೆ ಎಷ್ಟು ತೊಂದರೆ ಎಂದು ಎಲ್ಲಕ್ಕೂ ಅಂಕ ಕೊಡುತ್ತಿದ್ದ, ಮೇಲಿನ ಹತ್ತನ್ನು ಮಾತ್ರ ನೋಡುತ್ತಿದ್ದ, ಉಳಿದದ್ದನ್ನು ಬಿಡುತ್ತಿದ್ದ. ಐದು ನಿಮಿಷದ ಕೆಲಸ. ಆದರೆ ಅವನ ಅಂಕಕ್ಕೊಂದು ದುರಭ್ಯಾಸವಿತ್ತು. ಹತ್ತು ಲೈನುಗಳ ಮೇಲೆ ತುಸು ತುಸು ಭಾರ ಬಿದ್ದರೆ ಅದೆಲ್ಲ ಕೂಡಿ ದೊಡ್ಡ ಅಂಕವಾಗುತ್ತಿತ್ತು. ಒಂದೇ ಲೈನಿನ ಬೆನ್ನು ಮುರಿಯುವಷ್ಟು ಭಾರ ಬಿದ್ದರೆ ಅದು ಸಣ್ಣ ಅಂಕವಾಗಿ ಪಟ್ಟಿಯ ಕೆಳಗೆ ಹೋಗಿ ಕೂರುತ್ತಿತ್ತು.

ಮೂರನೆಯವನು ಫೋರ್‌ಮನ್ ಹುಲಗಪ್ಪ. “ಲೆಕ್ಕ ಯಾಕ ಬೇಕ್ರಿ ಅಕ್ಕಾರ? ತಗದ ನೋಡೂಣ್ರಿ” ಎನ್ನುವುದೇ ಅವನ ಪದ್ಧತಿ. ಅನುಮಾನ ಬಂದ ಲೈನಿನ ಸ್ವಿಚ್ಚನ್ನು ನಿಜವಾಗಿಯೂ ಎಳೆದು ಬಂದ್ ಮಾಡಿಬಿಡುತ್ತಿದ್ದ. ಉಳಿದವು ತಡೆದರೆ ಭದ್ರ, ತಡೆಯದಿದ್ದರೆ ಭದ್ರವಿಲ್ಲ. ಅದರಷ್ಟು ಸತ್ಯವಾದ ಪದ್ಧತಿ ಇನ್ನೊಂದಿಲ್ಲ, ಆದರೆ ಸತ್ಯ ಹೊರಬರುವಾಗ ಊರಿನ ದೀಪ ಆರಿರುತ್ತಿತ್ತು. ಒಮ್ಮೆ ಹೀಗೆ ಎಳೆದಾಗ ಕ್ಷೌರದ ಅಂಗಡಿಯಲ್ಲಿ ಕರೆಂಟಿನ ಮಶೀನು ನಿಂತು, ಎರಡನೆಯ ಹೆಡ್‌ಮಾಸ್ತರರು ಅರ್ಧ ತಲೆಯಲ್ಲಿ ಎದ್ದು ಬಂದು ಗ್ರಿಡ್ಡಿನ ಗೇಟಿನಲ್ಲಿ ನಿಂತಿದ್ದರು. ಅವರನ್ನು ನೋಡಿ ಮೊದಲನೆಯ ಹೆಡ್‌ಮಾಸ್ತರರಿಗೆ ಅಂದು ಪರಮ ಸಂತೋಷ.

ನಾನು ಒಂದು ನೋಟುಬುಕ್ಕು ಮಾಡಿದೆ. ಮೂವರ ಹೆಸರಿಗೂ ಎರಡೆರಡು ಕಾಲಂ: ಒಂದು, ಸುಮ್ಮನೆ ಹೆದರಿಸಿದ್ದು, ಇನ್ನೊಂದು, ಹೆದರಿಸಬೇಕಾದಲ್ಲಿ ಸುಮ್ಮನಿದ್ದದ್ದು. ದಿನಾಲೂ ಸಂಜೆ ಮೂವರೂ ತಮ್ಮ ತಮ್ಮ ಚೀಟಿಯನ್ನು ಮಡಚಿ, ಪರೀಕ್ಷೆಯ ಹುಡುಗರ ಹಾಗೆ ಪಕ್ಕದವನಿಗೆ ಕಾಣದಂತೆ ನನ್ನ ಕೈಗೆ ಕೊಡುತ್ತಿದ್ದರು. ಮರುದಿನ ನಾನು ಏನು ಹೋಯಿತು ಎಂದು ನೋಡಿ ಬರೆಯಬೇಕು. ಆದರೆ ಹೋಗುತ್ತಿದ್ದದ್ದಾದರೂ ಏನು? ಸೌಟು. ಮೇಕೆ. ಅಂಚೆ ಪೆಟ್ಟಿಗೆ. ಬಾಗಿಲಿನ ಒಂದು ತಿರುಗಣಿ. ಶಾಲೆಯ ಗಂಟೆ. ಮೂವತ್ತೇಳು ದಿನಗಳಲ್ಲಿ ನಮ್ಮ ಪಟ್ಟಿಯ ಒಂದೇ ಒಂದು ಸಾಮಾನು ಹೋಯಿತು, ಅದೂ ಯಾರಿಗೂ ಬೇಡವಾದ ಮೂಲೆಯ ಟ್ರಾನ್ಸ್‌ಫಾರ್ಮರ್. ಒಣಗಿದ ಬಾವಿಯಲ್ಲಿ ನಿಲ್ಲಿಸಿ ಈಜು ಬರುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಿದ ಹಾಗಿತ್ತು ನನ್ನ ಕೆಲಸ. ಕಾಲಂಗಳು ಖಾಲಿ ಇದ್ದವು, ವರದಿಗೆ ಮೂರು ದಿನ ಉಳಿದಿದ್ದವು, ಮತ್ತು ಆ ಮೂರು ದಿನಗಳಲ್ಲೇ ನನ್ನ ಅಕ್ಕ ಕಾವಿಗಿಟ್ಟ ಕೋಳಿ ತತ್ತಿಗಳು ಒಡೆದು ಮರಿಯಾಗಲಿದ್ದವು.

ಅಕ್ಕನ ಹೆಸರು ಕಲ್ಲವ್ವ. ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಅವ್ವ ತೀರಿ ಹೋದಾಗ ನನಗೆ ನಾಲ್ಕು ವರ್ಷ. ಅಲ್ಲಿಂದ ಮುಂದೆ ತಲೆಯ ಮೇಲೆ ತತ್ತಿಯ ಬುಟ್ಟಿ ಹೊತ್ತು ಓಣಿ ಓಣಿ ತಿರುಗಿ ನನ್ನನ್ನು ಓದಿಸಿದವಳು ಅವಳೇ. ಆ ಬುಟ್ಟಿ ಇಳಿಸಿ ಈ ವರ್ಷ ಮೊದಲ ಬಾರಿಗೆ ಒಂದು ಹ್ಯಾಚರಿ ಹಾಕಿದ್ದಳು. ಕೋಣೆಯಷ್ಟು ದೊಡ್ಡ ಎರಡು ಕಾವು ಪೆಟ್ಟಿಗೆ, ಒಳಗೆ ಐದು ಸಾವಿರ ತತ್ತಿ. ಇಪ್ಪತ್ತೊಂದು ದಿನ ಹದವಾದ ಬಿಸಿ ಕೊಡಬೇಕು. ಕಡೆಯ ಮೂರು ದಿನ ಅರ್ಧ ತಾಸು ಕರೆಂಟು ಹೋದರೂ ಮರಿ ಒಳಗೇ ಸಾಯುತ್ತದೆ. ನಮ್ಮೂರಿನವಳಲ್ಲವೇ, ಪೆಟ್ಟಿಗೆ ಎರಡು, ಫ್ಯಾನು ಎರಡು, ಥರ್ಮಾಮೀಟರು ಎರಡು ಇಟ್ಟಿದ್ದಳು. ಆದರೆ ಎಲ್ಲವೂ ಕುಡಿಯುವುದು ಒಂದೇ ಕರೆಂಟು. ಜನರೇಟರ್ ಮುಂದಿನ ವರ್ಷದ ಮಾತು.

ಅದೇ ಹೊತ್ತಿಗೆ ಶೇಂಗಾ ಸುಗ್ಗಿ. ತವನಪ್ಪನವರು ಹಳೆಯ ಗಿರಣಿಯ ಪಕ್ಕದಲ್ಲಿ ಹೊಸ ಗಿರಣಿ ಹಾಕಿ ಹಗಲೂ ರಾತ್ರಿ ನಡೆಸುತ್ತಿದ್ದರು. ಅವರು ಗ್ರಿಡ್ಡಿಗೆ ಬಂದು ನನ್ನ ಮುಂದೆ ಕೂತು, ಎರಡೂ ಮೀಸೆಗಳನ್ನು ತಿರುವಿಕೊಂಡು ಹೇಳಿದರು: “ತಂಗಿ, ನಿಮ್ಮಕ್ಕನ ಮರಿ ಬರೂದೈತಿ ಅಂತ ನನಗ ಗೊತ್ತೈತಿ. ಖರೇನ ಅಪಾಯ ಇದ್ರ ಹೇಳ, ಗಿರಣಿ ನಿಲ್ಲಸ್ತೀನಿ. ಸುಮ್ಮಸುಮ್ಮನ ಭದ್ರ ಇಲ್ಲ ಅಂತ ಬರದಿ ಅಂದ್ರ, ಆ ಹಲಗಿ ಕಿತ್ತ ಬಚ್ಚಲದ ಒಲಿಗಿ ಹಾಕತೀನಿ ನೋಡ.”

“ಖರೇ ಇದ್ದದ್ದನ್ನ ಬರೀತೀನ್ರಿ ಕಾಕಾ” ಎಂದೆ. ಖರೆ ಯಾವುದು ಎಂಬುದೇ ನನಗೆ ಗೊತ್ತಿರಲಿಲ್ಲ.

ಅಂದು ಸಂಜೆ ಅಕ್ಕನ ಹತ್ತಿರ ಹೋದೆ. ಅವಳು ಥರ್ಮಾಮೀಟರಿಗೆ ಮುಖ ಕೊಟ್ಟು ಕೂತಿದ್ದಳು. ಮೂರು ದಿನವೂ ‘ಭದ್ರವಿಲ್ಲ’ ಎಂದು ಬರೆದುಬಿಡುವ ಯೋಚನೆ ನನಗೆ ಬಂದಿದೆ ಎಂದು ಅವಳಿಗೆ ಹೇಗೆ ತಿಳಿಯಿತೋ, ನಾನು ಬಾಯಿ ತೆರೆಯುವ ಮೊದಲೇ, “ನನ್ನ ಸಲುವಾಗಿ ಏನೂ ಬರೀಬ್ಯಾಡ ಇಂದೂ” ಎಂದಳು. “ನೀ ಸುಳ್ಳ ಬರದ ಈ ಸಲ ನನ್ನ ಮರಿ ಉಳದ್ರ, ಮುಂದಿನ ಸಲ ನೀ ಖರೇ ಬರದಾಗ ಯಾರೂ ನಂಬಂಗಿಲ್ಲ. ಆವಾಗ ಎಲ್ಲಾರ ಮರೀನೂ ಸಾಯತಾವು.” ಓದದ ನನ್ನ ಅಕ್ಕ, ನಾನು ನಲವತ್ತು ಪುಟದಲ್ಲಿ ಬರೆಯಬೇಕೆಂದಿದ್ದ ವರದಿಯನ್ನು ಎರಡು ಮಾತಿನಲ್ಲಿ ಹೇಳಿ ಮುಗಿಸಿದ್ದಳು. ನನಗೆ ಹೆಮ್ಮೆಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

ಆ ಮೂರರಲ್ಲಿ ಮೊದಲನೆಯ ದಿನಕ್ಕೆ ಮೂವರ ಚೀಟಿಯಲ್ಲೂ ‘ಭದ್ರ’ ಎಂದಿತ್ತು, ನಾನೂ ಅದನ್ನೇ ಬರೆದೆ. ಹೋದದ್ದು ಒಂದು ಏಣಿ. ಆ ಸಂಜೆಯೂ ಮೂವರೂ ‘ಭದ್ರ’ ಎಂದರು. ಪಂಚಾಕ್ಷರಯ್ಯನವರು ಮಾತ್ರ ಚೀಟಿಯ ಕೆಳಗೆ ‘ಲೆಕ್ಕ ಇನ್ನೂ ಮುಗಿದಿಲ್ಲ’ ಎಂದು ಸಣ್ಣಕ್ಷರದಲ್ಲಿ ಸೇರಿಸಿದ್ದರು. ನಾನು ‘ಭದ್ರ’ ಎಂದು ಬರೆದು, ಎರಡನೆಯ ದಿನ ನಸುಕಿನಲ್ಲೇ ಎದ್ದು ಹ್ಯಾಚರಿಗೆ ಹೋದೆ. ಅಕ್ಕ ಪೆಟ್ಟಿಗೆಯಿಂದ ಒಂದು ತತ್ತಿ ತೆಗೆದು ನನ್ನ ಕೈಯಲ್ಲಿಟ್ಟಳು. “ಕೇಳ ಇಲ್ಲಿ, ಒಳಗಿಂದ ಬಡ್ಯಾಕತ್ತೈತಿ” ಎಂದಳು. ನಾನು ಅದನ್ನು ಕಿವಿಗೆ ಹಿಡಿದೆ. ಟಕ್ ಟಕ್ ಎನ್ನುತ್ತಿತ್ತು. ಹೊರಗೆ ಬೆಳಕು ಹರಿಯಿತು.

ಇಲ್ಲಿಂದ ಮುಂದಿನ ಒಂದು ದಿನ ನಾನು ಕಂಡದ್ದಲ್ಲ, ಬೇರೆಯವರಿಂದ ಕೇಳಿದ್ದು. ಯಾಕೆಂದರೆ ಆ ದಿನ ರಜೆ ಬಂದದ್ದು ನನಗೆ.

ತತ್ತಿ ಬೇರೆ ವಸ್ತು, ಅದು ನನ್ನ ಜೊತೆ ಬರುವ ಹಾಗಿಲ್ಲ. ಕೈ ಇಲ್ಲದಾದ ಕೂಡಲೇ ಅದು ಬಿತ್ತು, ಅಕ್ಕ ಸೆರಗೊಡ್ಡಿ ಹಿಡಿದಳು. ನಾನು ಉಟ್ಟ ಸೀರೆಯನ್ನು ನನ್ನ ಜೊತೆಗೇ ಲೆಕ್ಕ ಹಿಡಿದ ಆ ದೇವರಿಗೆ ಮಾತ್ರ ದೊಡ್ಡ ನಮಸ್ಕಾರ. ಅಕ್ಕ ತತ್ತಿಯನ್ನು ಪೆಟ್ಟಿಗೆಯಲ್ಲಿಟ್ಟು ಬಾಗಿಲಿಗೆ ಓಡಿ, “ನಮ್ಮ ಇಂದು ಹೋದಳ್ರೋ!” ಎಂದು ಕೂಗಿದಳಂತೆ.

ಊರು ಕುಣಿಯಿತು. ಇದನ್ನು ಬೇರೆ ಊರಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಹೋದದ್ದು ಯಾವುದು ಎಂದು ತಿಳಿಯುವವರೆಗೆ ಯಾರ ಜೀವಕ್ಕೂ ನೆಮ್ಮದಿಯಿಲ್ಲ. ಬೆಳಗ್ಗೆ ದೀಪ ಉರಿಯುತ್ತಿದ್ದರೂ ಟ್ರಾನ್ಸ್‌ಫಾರ್ಮರಿನ ತಂಪು ಫ್ಯಾನೋ ಮತ್ತೊಂದೋ ಕದ್ದು ಹೋಗಿದ್ದು, ನಡುಹಗಲಿನ ಬಿಸಿಲಿಗೆ ಗೊತ್ತಾಗುವುದುಂಟು. ಆ ದಿನ ಹಾಗಲ್ಲ. ಹೋದವಳು ಇಂದುಮತಿ ಎಂದು ಬೆಳಗಾಗುವಷ್ಟರಲ್ಲೇ ಗೊತ್ತಾಯಿತು. ಹೋಗುವುದು ದಿನಕ್ಕೆ ಒಂದೇ. ಅಂದ ಮೇಲೆ ಕರೆಂಟಿನ ಯಾವ ಸಾಮಾನೂ ಹೋಗಿಲ್ಲ! ತವನಪ್ಪನವರು ಗಿರಣಿಯ ಆಳುಗಳಿಗೆ ಪೇಢೆ ಹಂಚಿದರು. ಓಣಿಯ ಹೆಂಗಸರು ಎರಡೆರಡು ಗ್ರೈಂಡರ್ ಒಟ್ಟಿಗೆ ಹಾಕಿ ದೋಸೆಗೆ ರುಬ್ಬಿದರು. ಕ್ಷೌರದ ಅಂಗಡಿಯ ಮುಂದೆ ಸಾಲು ನಿಂತಿತು. ನಾನು ನೌಕರಿಗೆ ಸೇರಿ ಊರಿಗೆ ಇಷ್ಟು ಸಂತೋಷ ಕೊಟ್ಟದ್ದು ಅದೇ ಮೊದಲು, ಅದೂ ನಾನೇ ಇಲ್ಲದೆ.

ಎಲ್ಲರೂ ಹ್ಯಾಚರಿಯಲ್ಲಿ ಇಣುಕಿ, “ಇನ್ನೇನ ಕಲ್ಲಕ್ಕಾ, ಇವತ್ತ ಕಾಲ ಚಾಚಿ ಕುಂದರ” ಎಂದು ಹೇಳಿ ಹೋದರಂತೆ. ಅಕ್ಕ ನಾನು ನಿಂತಿದ್ದ ಜಾಗದ ಎದುರಿಗೆ ಒಂದು ಸ್ಟೂಲು ಹಾಕಿಕೊಂಡು ಕೂತಳು. ತತ್ತಿಗಳನ್ನು ನೋಡಲು ಏಳುವಳು, ಮತ್ತೆ ಬಂದು ಅಲ್ಲೇ ಕೂರುವಳು. ಒಳಗೆ ಬಂದವರನ್ನೆಲ್ಲ ಒಂದೇ ಮಾತು ಕೇಳಿದಳಂತೆ: “ಹೋದವರು ಬರಲಾರದ ಉಳದದ್ದ ಐತೇನ?” ಹುಟ್ಟಿದಾಗಿನಿಂದ ಈ ಊರಿನಲ್ಲೇ ಇದ್ದವಳು, ಉತ್ತರ ಅವಳಿಗೆ ಗೊತ್ತಿರಲಿಲ್ಲವೇ? ಎಲ್ಲರೂ ಇಲ್ಲ ಇಲ್ಲ ಎಂದರು. ಮುಂದಿನವರು ಬಂದಾಗ ಮತ್ತೆ ಕೇಳಿದಳು.

ಗ್ರಿಡ್ಡಿನಲ್ಲಿ ಮಧ್ಯಾಹ್ನದವರೆಗೆ ಹಬ್ಬದ ವಾತಾವರಣ. ಮೂರು ಗಂಟೆಗೆ ಹುಲಗಪ್ಪ ಚಹಾ ಕುಡಿಯುತ್ತ, “ಅಲ್ರೀ, ಸಂಜೀಕ ಹಲಗಿ ಯಾರು ಬರ್ಯಾವ್ರು?” ಎಂದ. ಇವತ್ತೇನೋ ಭದ್ರ, ಆದರೆ ನಾಳೆ? ಪಂಚಾಕ್ಷರಯ್ಯನವರು ತಮ್ಮ ಪಟ್ಟಿಯನ್ನು ತೆಗೆದು ಒಂದರಿಂದ ನಲವತ್ತಮೂರರವರೆಗೆ ಓದಿ, ತಲೆಯ ಮೇಲೆ ಕೈ ಹೊತ್ತುಕೊಂಡರು. ಪ್ರತಿಯೊಂದು ಬೋಲ್ಟಿನ ಲೆಕ್ಕ ಇಟ್ಟಿದ್ದ ಅವರು ಸೀಮೆಸುಣ್ಣ ಹಿಡಿಯುವ ಕೈಯನ್ನು ಬರೆದಿರಲಿಲ್ಲ. ಎರಡು ತಾಳಿ ಕಟ್ಟುವ ಊರಿನಲ್ಲಿ, ಭದ್ರವೋ ಅಲ್ಲವೋ ಎಂದು ತೀರ್ಮಾನಿಸುವವಳು ಒಬ್ಬಳೇ ಇದ್ದಳು. ಅವರನ್ನು ಅನ್ನುವುದೇಕೆ, ಮೂವರ ಪದ್ಧತಿಯಲ್ಲೂ ತಪ್ಪು ಹುಡುಕಲು ಬಂದ ನನಗೇ ಅದು ಹೊಳೆದಿರಲಿಲ್ಲ.

ಮೊದಲು ಜಗಳವೇ ಆಯಿತಂತೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಹಾಗೆ ಒಬ್ಬೊಬ್ಬರೂ ತಮ್ಮ ಚೀಟಿಯೇ ಹಲಗೆಯ ಮೇಲೆ ಹೋಗಬೇಕೆಂದರು. ಆದರೆ ಗೆದ್ದೆ ಎನ್ನಿಸಿಕೊಳ್ಳಲು ನೋಡುವವರು ಬೇಕಲ್ಲ, ನಾನಿರಲಿಲ್ಲ. ಅರ್ಧ ತಾಸಿಗೆ ಮೂವರಿಗೂ ಬೇಸರ ಬಂತು. ಮೂವತ್ತೊಂಬತ್ತು ದಿನಗಳಲ್ಲಿ ಮೊದಲ ಬಾರಿಗೆ ಇಮ್ತಿಯಾಜ ತನ್ನ ಕಾಗದವನ್ನು ಪಂಚಾಕ್ಷರಯ್ಯನವರ ಮುಂದೆ ಇಟ್ಟ.

“ಕಾಕಾ, ನಲವತ್ತಮೂರೂ ನೋಡಕೋತ ಕುಂತ್ರ ನಾಳೆ ಮಧ್ಯಾಹ್ನ ಆಗತೈತ್ರಿ. ನನ್ನ ಹತ್ತ ಅಷ್ಟ ಲೆಕ್ಕ ಹಾಕ್ರಿ.”

ಹತ್ತರ ಲೆಕ್ಕ ಒಂದು ತಾಸಿಗೆ ಮುಗಿಯಿತು. ಹತ್ತೂ ಭದ್ರ. ಇಮ್ತಿಯಾಜ ಸೀಮೆಸುಣ್ಣಕ್ಕೆ ಕೈ ಹಾಕಿದಾಗ ಮುದುಕರು ಅವನ ಕೈ ಹಿಡಿದರು. “ತಡಿಯಪಾ. ನಿನ್ನಿಯಿಂದ ನಾ ಮಾಡಾಕತ್ತಿದ್ದ ಲೆಕ್ಕದಾಗ ಇಪ್ಪತ್ತೊಂಬತ್ತನೇದ ಒಂದ ಕೆಟ್ಟ ಬಂದೈತಿ. ಕೆರಿ ಏರಿ ಮ್ಯಾಲಿನ ಸಣ್ಣ ಲೈನ ಹೋತಂದ್ರ, ಅದರ ಭಾರ ಎಲ್ಲಾ ಹಳೇಪ್ಯಾಟಿ ಲೈನಿನ ಮ್ಯಾಲೆ ಬೀಳತೈತಿ. ಮುಂಜಾನೆ ನೀರಿನ ಪಂಪು, ಹೊಸಾ ಗಿರಣಿ ಎರಡೂ ಕೂಡಿ ನಡದಾಗ ಅದು ತಡಿಯಂಗಿಲ್ಲ. ನಿನ್ನ ಪಟ್ಟಿಯೊಳಗ ಅದು ಎಲ್ಲೈತಿ?”

ಹದಿನೇಳನೆಯ ಜಾಗದಲ್ಲಿತ್ತು. ಕೆಡುವುದು ಒಂದೇ ಲೈನು, ಹ್ಯಾಚರಿಗೆ ಹೋಗುವ ಲೈನು, ಹಾಗಾಗಿ ಅಂಕ ಸಣ್ಣದು. ಇಮ್ತಿಯಾಜನ ಮುಖ ಸಣ್ಣದಾಯಿತು. ಆದರೂ, “ನಿಮ್ಮ ಲೆಕ್ಕ ನಿನ್ನಿ ಲೋಡಿಂದ್ರಿ ಕಾಕಾ, ಇವತ್ತ ಬ್ಯಾರೆ ಐತಿ” ಎಂದ. ಅದೂ ನಿಜವೇ. ಇಬ್ಬರೂ ಹುಲಗಪ್ಪನ ಕಡೆಗೆ ನೋಡಿದರು. ಅವನು ಈ ಗಳಿಗೆಗಾಗಿ ಹುಟ್ಟಿದವನ ಹಾಗೆ ಎದ್ದು ನಿಂತ. “ತಗದ ನೋಡೂಣ್ರಿ!”

ಈ ಸಲ ಅವನು ಎಲ್ಲರಿಗೂ ಹೇಳಿಯೇ ಎಳೆದ. ತವನಪ್ಪನವರು ತಾವೇ ಬಂದು ಮೀಟರಿನ ಮುಂದೆ ನಿಂತರು. ಪಂಪಿನವರು ಬೆಳಗಿನ ಹಾಗೇ ಪಂಪು ಬಿಟ್ಟರು. ಕ್ಷೌರದ ಅಂಗಡಿಯವನು ಕತ್ತರಿ ಹಿಡಿದ. ಅಕ್ಕನಿಗೆ ಹುಲಗಪ್ಪ ತಾನೇ ಫೋನು ಮಾಡಿ, ಕೆರೆ ಏರಿಯ ಲೈನು ಎಳೆಯುತ್ತೇವೆ, ಕೆಟ್ಟರೆ ಹತ್ತು ಎಣಿಸುವುದರೊಳಗೆ ಮತ್ತೆ ಹಾಕುತ್ತೇವೆ ಎಂದ. ಅಕ್ಕ, “ಮಾಡ್ರಿ. ಆ ಕಡೆ ನಮ್ಮ ಇಂದು ಏನರ ಕಂಡಳೇನ?” ಎಂದಳಂತೆ. ಹುಲಗಪ್ಪ ಎಳೆದ. ಮುಳ್ಳು ಏರಿತು, ಏರಿತು, ಆರು ಎಣಿಸುವಾಗ ಕೆಂಪು ಗೆರೆ ದಾಟಿತು. ಏಳಕ್ಕೆ ಅವನು ಲೈನು ಮತ್ತೆ ಹಾಕಿದ.

ಆರು ಗಂಟೆಗೆ ಹಲಗೆಯ ಮೇಲೆ ಮೂರು ಕೈಬರಹ ಬಂದವು. ಪಂಚಾಕ್ಷರಯ್ಯನವರು ಗುಂಡಗೆ ‘ನಾಳೆ ಭದ್ರವಿಲ್ಲ’ ಎಂದು ಬರೆದರು. ಅದರ ಕೆಳಗೆ ಇಮ್ತಿಯಾಜ, ‘ಬೆಳಗ್ಗೆ ಐದರಿಂದ ಹತ್ತರವರೆಗೆ, ಕೆರೆ ಏರಿ ಲೈನು ಹೋದರೆ ಮಾತ್ರ’ ಎಂದು ಬರೆದ. ಅದರ ಕೆಳಗೆ ಹುಲಗಪ್ಪ ಸೊಟ್ಟ ಅಕ್ಷರದಲ್ಲಿ, ‘ತವನಪ್ಪನೋರು ಹೊಸಾ ಗಿರಣಿ ಐದಕ್ಕ ನಿಲ್ಲಿಸಿ ಹತ್ತಕ್ಕ ಚಾಲೂ ಮಾಡ್ರಿ, ಕೈ ಮುಗೀತೀನಿ’ ಎಂದು ಬರೆದ. ತವನಪ್ಪನವರು ಕನ್ನಡಕ ಹಾಕಿ ಪೂರ್ತಿ ಓದಿದರು. “ನಾಕ ವರ್ಷದಾಗ ಈ ಹಲಗಿ ಮ್ಯಾಲೆ ಓದೂವಂಥಾದ್ದ ಇವತ್ತ ಬರದೀರಿ ನೋಡ್ರಿ” ಎಂದು ಹೇಳಿ, ಮಿಕ್ಕ ಪೇಢೆಯನ್ನು ಅವರಿಗೆ ಕೊಟ್ಟು ಹೋದರು.

ವರದಿಯ ವಿಷಯ ಇಲ್ಲೇ ಹೇಳಿ ಮುಗಿಸುತ್ತೇನೆ. ನಾನು ಯಾರನ್ನೂ ಆರಿಸಲಿಲ್ಲ. ಮೊದಲು ಇಮ್ತಿಯಾಜ ಅಂಕ ಹಾಕಿ ಪಟ್ಟಿ ಸಣ್ಣದು ಮಾಡಲಿ, ಆಮೇಲೆ ಪಂಚಾಕ್ಷರಯ್ಯನವರು ಅದನ್ನು ಪೂರ್ತಿ ಲೆಕ್ಕ ಹಾಕಲಿ, ಅವನು ಬಿಟ್ಟದ್ದರಲ್ಲಿ ಬೆನ್ನು ಮುರಿಯುವಂಥದ್ದೇನಾದರೂ ಇದೆಯೇ ಎಂದೂ ನೋಡಲಿ, ಇಬ್ಬರಿಗೂ ಹೊಂದದಿದ್ದಲ್ಲಿ ಹುಲಗಪ್ಪ ಎಲ್ಲರಿಗೂ ಹೇಳಿ ಎಳೆಯಲಿ ಎಂದು ಬರೆದೆ. ಪಟ್ಟಿಗೆ ನಲವತ್ತನಾಲ್ಕನೆಯ ಸಾಮಾನು ಎಂದು ನನ್ನ ಹೆಸರನ್ನು ಸೇರಿಸಿದೆ. ನನಗೊಂದು ಜೋಡಿ ಬೇಕು ಎಂದೂ ಕೇಳಿದೆ. ದೊಡ್ಡ ಸಾಹೇಬರು ನಲವತ್ತು ಪುಟ ಹೇಳಿದ್ದಕ್ಕೆ ನಾಲ್ಕು ಪುಟ ಕೊಟ್ಟಳು ಎಂದು ಗೊಣಗಿ ಸಹಿ ಹಾಕಿದರು.

ಆ ವರದಿಯಲ್ಲಿ ಬರೆಯಲಾಗದ್ದು ಮೂರನೆಯ ದಿನ ಬೆಳಗಿನದು. ನನ್ನ ಪಾಲಿಗೆ ನಡುವೆ ಏನೂ ಆಗಿರಲಿಲ್ಲ. ಕಿವಿಗೆ ತತ್ತಿ ಹಿಡಿದಿದ್ದೆ, ಟಕ್ ಟಕ್ ಕೇಳುತ್ತಿತ್ತು. ನೋಡಿದರೆ ಕೈ ಖಾಲಿ. ಎದುರಿಗೆ ಅಕ್ಕ, ಬೇರೆ ಸೀರೆ ಉಟ್ಟು, ಸ್ಟೂಲಿನ ಮೇಲೆ. ಕೆದರಿದ ಕೂದಲು, ನಿದ್ದೆಯಿಲ್ಲದ ಕಣ್ಣು. ನಾನು ಬಂದ ಆ ಗಳಿಗೆಯಲ್ಲೇ ಕೆರೆ ಏರಿಯ ಲೈನು ರಜೆ ಹಾಕಿತು. ನೆತ್ತಿಯ ಮೇಲಿನ ಬಲ್ಬು ಮಂಕಾಗಿ ಕೆಂಪಗೆ ತಿರುಗಿತು. ಫ್ಯಾನುಗಳ ಸದ್ದು ಇಳಿಯಿತು. ನಸುಕಿನಿಂದ ಅಕ್ಕನಿಗೆ ಜೊತೆಯಾಗಿ ಕೂತಿದ್ದ ಓಣಿಯ ಹೆಂಗಸರು “ಯವ್ವಾ!” ಎಂದು ಒಟ್ಟಿಗೆ ಮೇಲೆ ನೋಡಿದರು. ನಾನೂ ನೋಡಿದೆ, ನೌಕರಿಯ ಅಭ್ಯಾಸ. ಹಳೇಪೇಟೆ ಲೈನು ಅಷ್ಟೂ ಭಾರ ಹೊತ್ತು ನಡುಗುತ್ತಿದೆ ಎಂದು ನನಗೆ ಮೈಯಲ್ಲೇ ತಿಳಿಯಿತು. ಎಣಿಸತೊಡಗಿದೆ. ಒಂದು. ಎರಡು. ಮೂರು.

ಐದು ಸಾವಿರ ತತ್ತಿ ಇಟ್ಟವಳು, ಇಪ್ಪತ್ತು ದಿನ ಆ ಬಲ್ಬನ್ನೇ ದೇವರ ದೀಪದ ಹಾಗೆ ಕಾಯ್ದವಳು ಮಾತ್ರ ತಲೆ ಎತ್ತಲಿಲ್ಲ. ಸ್ಟೂಲಿನಿಂದ ಎದ್ದು ಬಂದು ಎರಡೂ ಕೈಯಲ್ಲಿ ನನ್ನ ಮುಖ ಹಿಡಿದು, ಹಣೆ ಮುಟ್ಟಿ, ಕಿವಿ ಮುಟ್ಟಿ, ನಾನು ಪೂರ್ತಿ ಬಂದಿದ್ದೇನೋ ಇಲ್ಲವೋ ಎಂದು ನೋಡುತ್ತಿದ್ದಳು.

“ಅಕ್ಕಾ, ಕರೆಂಟ…” ಎಂದೆ.

“ಏನರ ಉಂಡಿಯೇನ ಅಲ್ಲಿ?” ಎಂದಳು.

ಐದಕ್ಕೇ ಹೊಸ ಗಿರಣಿ ನಿಂತಿದ್ದರಿಂದ ಹಳೇಪೇಟೆ ಲೈನು ತಡೆಯಿತು. ನಾಲ್ಕು ಎಣಿಸುವಾಗ ಫ್ಯಾನುಗಳು ಮತ್ತೆ ಗುಯ್ ಎಂದವು, ಬಲ್ಬು ಬೆಳ್ಳಗಾಯಿತು, ಹೆಂಗಸರು ಕೈ ಮುಗಿದರು. ಎರಡೂ ಪೆಟ್ಟಿಗೆಗಳೊಳಗೆ ಸಾವಿರಾರು ಮರಿಗಳು ಒಮ್ಮೆಲೇ ಚಿಲಿಪಿಲಿ ಎನ್ನುತ್ತಿದ್ದವು. ಅಕ್ಕ ಇನ್ನೂ ನನ್ನ ಮುಖವನ್ನೇ ಹಿಡಿದುಕೊಂಡು ನಿಂತಿದ್ದಳು, ದೀಪ ಹೋಗಿ ಬಂದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.